ಶಾಲಾ ಸಮಿತಿಯಲ್ಲಿ ಮಕ್ಕಳಿಗೂ ಒಂದು ಸ್ಥಾನ

(ತಿಪಟೂರಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೊಬ್ಬರಿಯ ಧಾರಣೆಯನ್ನು ಮಾತನಾಡಬೇಕಾದ ವೇದಿಕೆಯಲ್ಲಿ ಇಸ್ಕೂಲು ಮಕ್ಕಳ ಚುನಾವಣೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸುತ್ತಿರಬಹುದು. ಧಾರಣೆಯ ಮಾತನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನಾರಿನ ಮಿಲ್ಲಿನಲ್ಲಿ ದುಡಿಯುವವನಿಗೂ, ಕಾಯಿ ಸುಲಿಯುವ ತಾಯಿಗೂ, ಸಂತೆಯಲ್ಲಿ ಅಂಗಡಿ ಹಾಕುವವನಿಗೂ ಇರುವ ಏಕಮಾತ್ರ ಆಸ್ತಿ ಅವರ ಮಕ್ಕಳ ಓದು. ಆ ಓದು ನಡೆಯುವ ಸ್ಥಳದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ನಮ್ಮ ಪಕ್ಷಕ್ಕೆ ಸಣ್ಣ ಪ್ರಶ್ನೆಯಲ್ಲ.

ಪ್ರತಿವರ್ಷ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ವಾಪಸಾತಿ, ಚಿಹ್ನೆ, ಪ್ರಚಾರ, ಮತಪತ್ರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ, ಒಂದನ್ನೂ ಬಿಡುವುದಿಲ್ಲ. ಈಚೆಗೆ ಕೆಲವು ಕಡೆ ಮೊಬೈಲು ಫೋನನ್ನೇ ಮತಯಂತ್ರ ಮಾಡಿಕೊಂಡು ನಡೆಸುತ್ತಿದ್ದಾರೆ. ಮಕ್ಕಳು ಅದನ್ನು ನಡೆಸುವ ಶಿಸ್ತನ್ನು ಕಂಡರೆ ನಮ್ಮ ದೊಡ್ಡ ಚುನಾವಣೆಗಳಿಗೆ ನಾಚಿಕೆಯಾಗಬೇಕು. ಅಲ್ಲಿ ಹಣವಿಲ್ಲ, ಹೆಂಡವಿಲ್ಲ, ಸೀರೆಯಿಲ್ಲ.

ಚುನಾವಣೆ ಮುಗಿದ ಮೇಲೆ ಏನಾಗುತ್ತದೆ? ಮಂತ್ರಿಮಂಡಲ ಬರುತ್ತದೆ. ಮುಖ್ಯಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಗ್ರಂಥಾಲಯ ಮಂತ್ರಿ. ಖಾತೆಗಳಿಗೇನೂ ಕೊರತೆಯಿಲ್ಲ, ಆದರೆ ಖಜಾನೆಯಿಲ್ಲ, ಸಭೆಯಿಲ್ಲ, ಕೇಳುವ ಕಿವಿಯಿಲ್ಲ. ಆರೋಗ್ಯ ಮಂತ್ರಿಯಾದ ಹುಡುಗಿಗೆ ಶೌಚಾಲಯದ ಬಾಗಿಲಿಗೆ ಒಂದು ಚಿಲಕ ಹಾಕಿಸುವ ಅಧಿಕಾರವಿಲ್ಲ. ಆಹಾರ ಮಂತ್ರಿ ಊಟದ ಸಾಲನ್ನು ನಿಲ್ಲಿಸುತ್ತಾನೆ. ಸಾರು ಏಕೆ ನೀರಾಯಿತೆಂದು ಕೇಳುವ ಜಾಗ ಅವನಿಗಿಲ್ಲ. ಒಟ್ಟಿನಲ್ಲಿ ಗಂಟೆ ಬಾರಿಸುವುದೂ ಕಸ ಗುಡಿಸುವವರ ಹೆಸರು ಬರೆಯುವುದೂ ಮಂತ್ರಿಗಳ ಕಾರ್ಯಭಾರ. ಇಂತಹ ಮಂತ್ರಿಗಳನ್ನು ನಾವು ವಿಧಾನಸೌಧದಲ್ಲಿಯೂ ಕಂಡಿದ್ದೇವೆ ಎನ್ನುತ್ತೀರಿ. ಅದು ಬೇರೆ ಮಾತು.

ಹಾಗಾದರೆ ಶಾಲೆಯ ನಿಜವಾದ ಅಧಿಕಾರ ಎಲ್ಲಿದೆ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿದೆ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆ ಕೊಟ್ಟ ಸಲಹೆಯ ಹಿಂದೆಯೇ 2001ರಲ್ಲಿ ಕರ್ನಾಟಕ ಸರ್ಕಾರ ಈ ಸಮಿತಿಗಳನ್ನು ರಚಿಸಿತು. ಅನಂತರ 2009ರ ಶಿಕ್ಷಣ ಹಕ್ಕು ಕಾಯಿದೆ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೆಯ ಪ್ರಕರಣದಂತೆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳು ಅಥವಾ ಪೋಷಕರಾಗಿರತಕ್ಕದ್ದು, ಅರ್ಧದಷ್ಟು ಹೆಂಗಸರಿರತಕ್ಕದ್ದು, ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಇರತಕ್ಕದ್ದು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಹೋಯಿತೆಂದು ನೋಡುವುದು ಈ ಸಮಿತಿಯ ಕೆಲಸ.

ಇಲ್ಲಿ ವರ್ತಕ ಮಿತ್ರರು ಸ್ವಲ್ಪ ಗಮನಿಸಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ 21ನೆಯ ಪ್ರಕರಣ ಅನ್ವಯಿಸುವುದಿಲ್ಲ. ಸಾಲ ಮಾಡಿ ಫೀಜು ಕಟ್ಟಿ ಮಗುವನ್ನು ಕಾನ್ವೆಂಟಿಗೆ ಕಳುಹಿಸುವವರಿಗೆ ಕಾಯಿದೆಯ ಬಲದ ಸಮಿತಿಯೇ ಇಲ್ಲ. ಮಾರುಕಟ್ಟೆ ಸಮಿತಿಯಲ್ಲಿ ವರ್ತಕರಿಗೆಂದು ಪ್ರತ್ಯೇಕ ಸ್ಥಾನವುಂಟು, ಅದಕ್ಕಾಗಿ ನೀವು ಹೇಗೆ ಓಡಾಡುತ್ತೀರೆಂದು ನಾವು ಬಲ್ಲೆವು. ಮಗನ ಶಾಲೆಯಲ್ಲಿ ಮಾತ್ರ ರಸೀತಿ ಹಿಡಿದು ಸುಮ್ಮನೆ ಬರುತ್ತೀರಿ. ಕೂಲಿಗಾರನ ಮಗ ಓದುವ ಸರ್ಕಾರಿ ಶಾಲೆಯಲ್ಲಿ ತಂದೆಗೆ ಕಾಯಿದೆಯಂತೆ ಹಕ್ಕಿದೆ. ಹಣ ಕಟ್ಟಿದವನಿಗೆ ಇಲ್ಲ. ಇದು ವಿಚಿತ್ರವಾದರೂ ನಿಜ.

ಇನ್ನು ಮಕ್ಕಳ ವಿಷಯ. ಕೇಂದ್ರ ಸರ್ಕಾರ 2010ರಲ್ಲಿ ಹೊರಡಿಸಿದ ಮಾದರಿ ನಿಯಮಗಳನ್ನು ನೋಡಿ. ಮುಕ್ಕಾಲು ಪಾಲು ಪೋಷಕರನ್ನು ಬಿಟ್ಟು ಉಳಿದ ಕಾಲು ಪಾಲನ್ನು ಮೂರು ಭಾಗ ಮಾಡಿದ್ದಾರೆ. ಒಂದು ಭಾಗ ಸ್ಥಳೀಯ ಸಂಸ್ಥೆಯ ಚುನಾಯಿತರಿಗೆ, ಒಂದು ಶಿಕ್ಷಕರಿಗೆ. ಮೂರನೆಯದು ಸ್ಥಳೀಯ ಶಿಕ್ಷಣತಜ್ಞರಿಗೆ, ಪಕ್ಕದಲ್ಲಿ ಒಂದು ಓರೆಗೀಟು, ಆ ಗೀಟಿನ ಆಚೆಗೆ ಶಾಲೆಯ ಮಕ್ಕಳಿಗೆ. ಇಬ್ಬರಲ್ಲಿ ಯಾರೆಂಬುದನ್ನು ಸಮಿತಿಯ ಪೋಷಕರೇ ತೀರ್ಮಾನಿಸಬೇಕೆಂದೂ ಅಲ್ಲಿಯೇ ಬರೆದಿದೆ.

ಇಡೀ ವಿಷಯ ಆ ಗೀಟಿನಲ್ಲಿದೆ, ಬಂಧುಗಳೆ. ಊರಿನಲ್ಲಿ ಶಿಕ್ಷಣತಜ್ಞನೆಂದು ಹೇಳಿಕೊಳ್ಳುವವರಿಗೆ ಬರವಿಲ್ಲ. ತೋಟವಿರುವವರು, ಕಾಂಟ್ರಾಕ್ಟು ಮಾಡುವವರು, ಹಾಲಿ ಸದಸ್ಯರ ಷಡ್ಡಕರು, ಎಲ್ಲರೂ ಶಿಕ್ಷಣತಜ್ಞರೇ. ಅವರ ಮುಂದೆ ಏಳನೆಯ ತರಗತಿಯ ಹುಡುಗಿಯ ಹೆಸರನ್ನು ಯಾರು ಹೇಳಬೇಕು? ನೀವು ಹೇಳಬೇಕು. ಇದಕ್ಕೆ ಬೆಂಗಳೂರಿಗೆ ಮನವಿ ಕೊಂಡೊಯ್ಯಬೇಕಾಗಿಲ್ಲ.

ಮಕ್ಕಳಿಗೆ ಈಗಲೇ ರಾಜಕೀಯ ಏಕೆ ಎಂದು ಕೇಳುವ ಹಿರಿಯರಿದ್ದಾರೆ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಸಂಸ್ಥಾನವೆಲ್ಲ ಎದ್ದಾಗ ಶಾಲೆ ಕಾಲೇಜುಗಳ ಹುಡುಗರು ಬೀದಿಗೆ ಬಂದರು. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವನ್ನು ಇಂದಿಗೂ ನೋಡಬಹುದು. ನಮ್ಮ ಶಾಂತವೇರಿ ಗೋಪಾಲಗೌಡರು 1942ರ ಚಳವಳಿಗೆ ಧುಮುಕಿದ್ದು ವಿದ್ಯಾರ್ಥಿಯಾಗಿದ್ದಾಗ. ಸಾಯುವುದಕ್ಕೆ ವಯಸ್ಸಾಗಿದ್ದ ಹುಡುಗರಿಗೆ ಸಭೆಯಲ್ಲಿ ಕುಳಿತು ಮಾತನಾಡಲು ವಯಸ್ಸಾಗಿಲ್ಲವೆಂದರೆ ಯಾರು ಒಪ್ಪಬೇಕು?

1989 ಎಂಬ ಒಂದು ವರ್ಷವನ್ನು ನೆನಪಿಡಿ. ಆ ಮಾರ್ಚಿನಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನವೆಂಬರಿನಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ ಅದರ 12ನೆಯ ವಿಧಿ. 1992ರಲ್ಲಿ ಭಾರತ ಅದಕ್ಕೆ ಸೇರಿತು. ಅದೇ 1989ರ ಸುಮಾರಿಗೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನು ನಿಲ್ಲಿಸಲಾಯಿತು. ಹೊಡೆದಾಟಗಳಿದ್ದವು, ಸಾವುಗಳೂ ಆದವು, ಸುಳ್ಳೆನ್ನುವುದಿಲ್ಲ. ಆದರೆ ಗಲಾಟೆಯಾಯಿತೆಂದು ಚುನಾವಣೆಯನ್ನೇ ನಿಲ್ಲಿಸುವುದಾದರೆ ಈ ದೇಶದಲ್ಲಿ ಪಂಚಾಯಿತಿಯೂ ಉಳಿಯುತ್ತಿರಲಿಲ್ಲ. ಸುಪ್ರೀಂ ಕೋರ್ಟು 2006ರಲ್ಲಿ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಜಾರಿಮಾಡಲು ಹೇಳಿತು. ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ, ಹಾಜರಾತಿ ಶೇಕಡ 75 ಎಂದು ಕಟ್ಟುಪಾಡುಗಳೂ ಬಂದವು. ಕಟ್ಟುಪಾಡಿಗೆ ಒಳಪಡಿಸುವ ದಾರಿ ಇತ್ತೆಂಬುದಕ್ಕೆ ಇಷ್ಟು ಸಾಕು. ಕಾಯಿಯನ್ನು ಅಟ್ಟಕ್ಕೆ ಹಾಕಿದ ಮರುದಿನ ಉಂಡೆ ಕೊಬ್ಬರಿ ಕೇಳುವವನನ್ನು ಕಂಡು ನಾವು ನಗುತ್ತೇವೆ. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹದಿನೇಳು ವರ್ಷ ಬಾಯಿ ಮುಚ್ಚಿಸಿ, ಹದಿನೆಂಟಕ್ಕೆ ಮತದ ಚೀಟಿ ಕೊಟ್ಟು, ವಿಚಾರಮಾಡಿ ಮತ ಹಾಕು ಎಂದರೆ ಅದೂ ಅದೇ ಲೆಕ್ಕ.

ಬೇರೆ ದೇಶದ ಒಂದು ಸಂಗತಿ ಹೇಳುತ್ತೇವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೆಲವು ಕೌಂಟಿಗಳಲ್ಲಿ ಶಾಲಾ ಮಂಡಳಿಗೆ ವಿದ್ಯಾರ್ಥಿಗಳೇ ತಮ್ಮಲ್ಲೊಬ್ಬನನ್ನು ಆರಿಸಿ ಕಳುಹಿಸುತ್ತಾರೆ. ಹೊವರ್ಡ್ ಕೌಂಟಿಯಲ್ಲಿ ಆ ವಿದ್ಯಾರ್ಥಿ ಸದಸ್ಯನಿಗೆ ಮತದ ಹಕ್ಕೂ ಇದೆ; ಸಿಬ್ಬಂದಿ, ಆಯವ್ಯಯದಂತಹ ಕೆಲವು ವಿಷಯಗಳನ್ನು ಮಾತ್ರ ಹೊರಗಿಟ್ಟಿದ್ದಾರೆ. 2020ರಲ್ಲಿ ಕೊರೋನಾ ಕಾಲದಲ್ಲಿ ಶಾಲೆಯನ್ನು ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಮಂಡಳಿ ಸಮಸಮನಾಗಿ ಒಡೆಯಿತು, ವಿದ್ಯಾರ್ಥಿಯ ಮತ ಭಾರವಾಯಿತು. ಸಿಟ್ಟುಗೊಂಡ ಪೋಷಕರು ಕೋರ್ಟಿಗೆ ಹೋದರು. 2022ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯ ವಿದ್ಯಾರ್ಥಿಯ ಸ್ಥಾನವನ್ನು ಎತ್ತಿಹಿಡಿಯಿತು. ಅಮೆರಿಕದ ಎಲ್ಲವೂ ನಮಗೆ ಬೇಕೆಂದಲ್ಲ. ಬಂಡವಳಗಾರರ ದೇಶದಲ್ಲಿಯೂ ಇಷ್ಟು ಸಾಧ್ಯವಾದರೆ ಸಮಾಜವಾದವನ್ನು ಸಂವಿಧಾನದ ಪೀಠಿಕೆಯಲ್ಲಿ ಬರೆದುಕೊಂಡ ನಾವು ಒಂದು ಕುರ್ಚಿ ಕೊಡಲು ಹಿಂದೆಗೆಯುವುದೇಕೆ?

ಕುರ್ಚಿ ಕೊಟ್ಟರೆ ಮುಗಿಯಲಿಲ್ಲ ಎಂಬುದನ್ನು ಕಾರ್ಮಿಕರಿಗೆ ಹೇಳಬೇಕಾಗಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ ಕಾರ್ಖಾನೆ ಸಮಿತಿಗಳನ್ನು ರಚಿಸಲು ಅವಕಾಶವಿತ್ತು. ಕಾರ್ಮಿಕ ಪ್ರತಿನಿಧಿಗಳು ಮಾಲಿಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಬಾರದೆಂದಿತ್ತು. ಎಷ್ಟು ಕಡೆ ಆ ಪ್ರತಿನಿಧಿ ಮಾಲಿಕನ ಎದುರಿನಲ್ಲಿ ಚಹ ಕುಡಿದು ಸಹಿ ಹಾಕಿ ಎದ್ದು ಬಂದ! ಮಗುವಿನ ಪಾಡು ಇನ್ನೂ ಕಷ್ಟ. ಎದುರಿಗೆ ಮೇಷ್ಟ್ರು, ಪಕ್ಕದಲ್ಲಿ ಊರ ಗೌಡರು, ಹಿಂದೆ ಅಪ್ಪ. ಒಬ್ಬ ಹುಡುಗನನ್ನು ಅಲ್ಲಿ ಕೂರಿಸಿದರೆ ಅವನು ನೆಲ ನೋಡುತ್ತಾನೆ. ಆದುದರಿಂದ ಇಬ್ಬರಿರಬೇಕು, ಒಬ್ಬಳು ಹುಡುಗಿಯಾಗಿರಬೇಕು, ದೊಡ್ಡವರಿಗಿಂತ ಮೊದಲು ಅವರ ಮಾತು ಮುಗಿಯಬೇಕು. ಅವರನ್ನು ಮೇಷ್ಟ್ರು ಆರಿಸಬಾರದು. ಆರಿಸಿದರೆ ಮೊದಲ ರ‍್ಯಾಂಕಿನವನೋ ಶ್ರೀಮಂತರ ಮಗನೋ ಬರುತ್ತಾನೆ; ಕಾಲನಿಯ ಮಗು ಉಪನಾಯಕನಾಗಿಯೇ ಉಳಿಯುತ್ತದೆ. ಶಾಲಾ ಸಂಸತ್ತಿನ ಚುನಾವಣೆ ಹೇಗೂ ನಡೆಯುತ್ತದಲ್ಲ, ಅದರಲ್ಲಿ ಗೆದ್ದವರೇ ಸಮಿತಿಗೆ ಬರಲಿ. ಆಗ ಆ ಆಟಕ್ಕೆ ಅರ್ಥ ಬರುತ್ತದೆ.

ಮಾತನಾಡಿದ ಮಗುವಿಗೆ ಮರುದಿನ ತರಗತಿಯಲ್ಲಿ ಮುಖ ಸಿಂಡರಿಸಿದರೆ? ಅದೇ ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೇಷ್ಟ್ರುಗಳ ಮೇಲೆ ನಮಗೆ ದ್ವೇಷವಿಲ್ಲ. ಅವರೂ ಸಂಬಳಕ್ಕೆ ದುಡಿಯುವವರೇ, ಗಣತಿಯಿಂದ ಹಿಡಿದು ಚುನಾವಣೆಯವರೆಗೆ ಕಂಡ ಕೆಲಸವೆಲ್ಲ ಅವರ ತಲೆಗೆ. ಒಳ್ಳೆಯ ಮೇಷ್ಟ್ರಿಗೆ ಇದರಿಂದ ಬಲವೇ ಬರುತ್ತದೆ. ಸೋರುವ ಚಾವಣಿಯ ಬಗ್ಗೆ ಅವರು ಹತ್ತು ಕಾಗದ ಬರೆದರೂ ಆಗದ್ದು, ಕೆಳಗೆ ಕೂತು ನೆನೆದ ಮಗು ಎದ್ದು ಹೇಳಿದರೆ ನಡೆವಳಿ ಪುಸ್ತಕಕ್ಕೆ ಏರುತ್ತದೆ.

ಮತ್ತೊಂದು ಮಾತು ನಿಮ್ಮ ಮೇಲೆಯೇ. ಸಮಿತಿ ತಿಂಗಳಿಗೊಮ್ಮೆಯಾದರೂ ಸೇರಬೇಕು, ನಡೆವಳಿಯನ್ನು ಸಾರ್ವಜನಿಕರಿಗೆ ತೋರಿಸಬೇಕೆಂದು ಮಾದರಿ ನಿಯಮ ಹೇಳುತ್ತದೆ. ಸಭೆಯನ್ನು ಹಗಲು ಹನ್ನೊಂದು ಗಂಟೆಗೆ ಕರೆದರೆ ಕಾಯಿ ಸುಲಿಯುವ ತಾಯಿ ದಿನದ ಕೂಲಿ ಬಿಟ್ಟು ಬರುವಳೇ? ಪುಸ್ತಕ ಮನೆಗೆ ಬರುತ್ತದೆ, ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ, ಸಭೆ ಆಯಿತೆಂದು ಲೆಕ್ಕ. ಸಂಜೆ ಮಿಲ್ಲು ಬಿಟ್ಟ ಮೇಲೆ, ಇಲ್ಲವೇ ರಜೆಯ ದಿನ ಸಭೆ ಕರೆಯಿರೆಂದು ಬರಹದಲ್ಲಿ ಕೇಳಿ. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆಗಳನ್ನು ಸೇರಿಸಿಬಿಡುವ ಮಾತು ಮತ್ತೆ ಮತ್ತೆ ಏಳುತ್ತಿರುವ ಕಾಲವಿದು. ಮೂರು ಮೈಲಿ ನಡೆಯಬೇಕಾದವರು ಯಾರೋ ಅವರಿಲ್ಲದ ಸಭೆಯಲ್ಲಿ ಅಂತಹ ಒಪ್ಪಿಗೆಗೂ ಸಹಿ ಬಿದ್ದೀತು.

2006ರಿಂದ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳೂ ಇವೆ. ಅಲ್ಲಿ ಮಗು ಕೇಳಿದ್ದಕ್ಕೆ ಪಂಚಾಯಿತಿ ಏನು ಮಾಡಿತೆಂದು ಮರುವರ್ಷ ಕೇಳುವವರು ಬೇಕು. ಅದನ್ನು ಹಿಡಿದು ಮತ್ತೊಂದು ದಿನ ಮಾತನಾಡೋಣ, ಹೊತ್ತಾಯಿತು. ಸಭೆ ಬಿಡುವಾಗ ಬಾಗಿಲ ಬಳಿ ನಮ್ಮ ಕಾರ್ಯಕರ್ತರು ಒಂದು ಪುಸ್ತಕ ಇಟ್ಟುಕೊಂಡಿದ್ದಾರೆ. ನಿಮ್ಮ ಮಗು ಯಾವ ಶಾಲೆ, ಸಮಿತಿ ಕಡೆಯ ಬಾರಿ ಯಾವಾಗ ಸೇರಿತು, ಆ ಸಭೆಯಲ್ಲಿ ನೀವಿದ್ದಿರೋ ಇಲ್ಲವೋ, ಈ ಮೂರನ್ನು ಬರೆಸಿ ಹೋಗಿ. ಹುಳಿಯಾರು, ನೊಣವಿನಕೆರೆ, ಮಾಯಸಂದ್ರದ ಕಡೆಯಿಂದ ಬಂದವರು ಬಸ್ಸು ಹಿಡಿಯಬೇಕಾಗಿರುವುದರಿಂದ ಅವರದನ್ನು ಮೊದಲು ಬರೆದುಕೊಳ್ಳುತ್ತಾರೆ.