ಲಾಕ್‌ಡೌನ್ ದಿನಗಳ ರಸ್ತೆ ಮತ್ತು ನಮ್ಮ ಮಕ್ಕಳು

(ಮಾರ್ಕೋನಹಳ್ಳಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ರಸ್ತೆ ಅಪಘಾತದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತನಾಡಬೇಕಾದ ಜಾಗ ಇದು, ನಿಜ. ಆದರೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆದು ಹಾಕಬೇಕಾದ ದಿನ ಕಂಡ ಯಾವ ಮೇಷ್ಟರೂ ಈ ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಕೊರೋನಾ ಕಾಲದ ಲಾಕ್‌ಡೌನ್ ನಮ್ಮ ರಸ್ತೆಗಳಿಗೆ ಏನು ಮಾಡಿತು, ಅದರಿಂದ ನಮಗೇನು ತಿಳಿಯಿತು ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ಸ್ವಲ್ಪ ಲೆಕ್ಕವೂ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಲಾಕ್‌ಡೌನ್‌ಗೆ ಮೊದಲು ನಮ್ಮ ರಸ್ತೆ ಹೇಗಿತ್ತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಮಾರ್ಚ್ 6ರ ಬೆಳಗಿನ ಜಾವ ನಮ್ಮ ಕುಣಿಗಲ್ ತಾಲ್ಲೂಕಿನಲ್ಲೇ, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಎರಡು ಕಾರುಗಳು ಡಿಕ್ಕಿಯಾಗಿ 13 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಧರ್ಮಸ್ಥಳಕ್ಕೆ ಹೋಗಿ ಊರಿಗೆ ಮರಳುತ್ತಿದ್ದ ತಮಿಳುನಾಡಿನವರು. ವೇಗವಾಗಿ ಬಂದ ಒಂದು ಕಾರು ವಿಭಜಕ ದಾಟಿ ಎದುರಿನ ದಾರಿಗೆ ನುಗ್ಗಿತ್ತು. ಆ ಸುದ್ದಿ ಹಳತಾಗುವ ಮೊದಲೇ, ಹತ್ತೊಂಬತ್ತನೆಯ ದಿನಕ್ಕೆ, ಅದೇ ಹೆದ್ದಾರಿ ಬರಿದಾಯಿತು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. 25ರಿಂದ ದೇಶವಿಡೀ ಲಾಕ್‌ಡೌನ್. ಹಂತ ಹಂತವಾಗಿ ಅದು ಮೇ 31ರವರೆಗೆ ನಡೆಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ಸುಗಳು ಮತ್ತೆ ಹೊರಟದ್ದು ಮೇ 19ಕ್ಕೆ. ಆ ವರ್ಷ ಮೇ 25ರಂದು ಈದ್ ನಮಾಜನ್ನೂ ಮನೆಯಲ್ಲೇ ಮಾಡಿದೆವು. ಹಬ್ಬದ ಹಿಂದಿನ ರಾತ್ರಿ ಒಂದು ಬೈಕಿನಲ್ಲಿ ಮೂವರು ಕುಳಿತು ಪೇಟೆ ಸುತ್ತುವ ಹುಡುಗರಿಲ್ಲದೆ ಬೀದಿ ಮೌನವಾಗಿತ್ತು. ರಸ್ತೆಯ ಮೇಲೆ ನಾಯಿಗಳು ಮಲಗಿದ್ದನ್ನು, ಹೆದ್ದಾರಿಯ ಅಂಚಿನಲ್ಲಿ ರೈತರು ಹುರುಳಿ ಒಣಗಿಸಿದ್ದನ್ನು ನೀವೂ ನೋಡಿರುತ್ತೀರಿ. ಎಲ್ಲರ ಬಾಯಲ್ಲೂ ಒಂದೇ ಮಾತು: ರೋಗ ಬಂದರೂ ಅಪಘಾತವಾದರೂ ನಿಂತಿತಲ್ಲ!

ನಿಂತಿತೆ? ಕೇಂದ್ರ ಸಾರಿಗೆ ಸಚಿವಾಲಯ ಪ್ರತಿ ವರ್ಷ ಲೆಕ್ಕ ಪ್ರಕಟಿಸುತ್ತದೆ. 2019ರಲ್ಲಿ ದೇಶದಲ್ಲಿ 4,49,002 ಅಪಘಾತಗಳು, 1,51,113 ಸಾವುಗಳು. 2020ರಲ್ಲಿ 3,66,138 ಅಪಘಾತಗಳು, 1,31,714 ಸಾವುಗಳು. ನಮ್ಮ ಕರ್ನಾಟಕದಲ್ಲಿ 2019ರಲ್ಲಿ 40,658 ಅಪಘಾತಗಳು, 10,958 ಸಾವುಗಳು. 2020ರಲ್ಲಿ 34,178 ಅಪಘಾತಗಳು, 9,760 ಸಾವುಗಳು. ಇಳಿಕೆ ಆಗಿದೆ, ಒಪ್ಪೋಣ. ದೇಶದಲ್ಲಿ ಸುಮಾರು 19 ಸಾವಿರ ಮಂದಿ, ರಾಜ್ಯದಲ್ಲಿ ಸುಮಾರು 1,200 ಮಂದಿ ಬದುಕಿ ಉಳಿದರು. ಅಷ್ಟು ಮನೆಗಳ ದೀಪ ಆರಲಿಲ್ಲ. ಇದು ಸಣ್ಣ ಮಾತಲ್ಲ.

ಆದರೆ ವಿದ್ಯಾರ್ಥಿಗಳೇ, ಈಗ ಪೆನ್ಸಿಲ್ ಹಿಡಿಯಿರಿ. ಲಾಕ್‌ಡೌನ್ ನಡೆದದ್ದು 68 ದಿನ. ವರ್ಷದಲ್ಲಿ ಅದು ನೂರಕ್ಕೆ 18ಕ್ಕಿಂತ ಸ್ವಲ್ಪ ಹೆಚ್ಚು. ದೇಶದಲ್ಲಿ ಅಪಘಾತಗಳು ಇಳಿದದ್ದೂ ನೂರಕ್ಕೆ 18ರಷ್ಟೇ, ರಾಜ್ಯದಲ್ಲಿ 16ರಷ್ಟು. ಅಂದರೆ ಇಡೀ ವರ್ಷದ ಇಳಿಕೆ ಹೆಚ್ಚುಕಡಿಮೆ ಬಾಗಿಲು ಹಾಕಿದ ದಿನಗಳಷ್ಟೇ ಆಯಿತು. ಲೆಕ್ಕ ಇಷ್ಟು ಸರಳವಲ್ಲ ಎಂದು ನಮ್ಮ ಗಣಿತದ ಮೇಷ್ಟರು ತಕರಾರು ತೆಗೆಯಬಹುದು. ಲಾಕ್‌ಡೌನ್‌ನಲ್ಲೂ ಅಪಘಾತಗಳಾದವು, ಜೂನ್ ನಂತರವೂ ಬಹಳ ಜನ ಮನೆಯಲ್ಲೇ ಇದ್ದರು. ಆದರೂ ನಮ್ಮ ಓಡಿಸುವ ರೀತಿ ಸುಧಾರಿಸಿತು ಎನ್ನಲು ಇದರಲ್ಲಿ ಆಧಾರವಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣವಾದದ್ದು. ಅಪಘಾತ ಇಳಿದಷ್ಟು ಸಾವು ಇಳಿಯಲಿಲ್ಲ. ದೇಶದಲ್ಲಿ ಸಾವು ಇಳಿದದ್ದು ನೂರಕ್ಕೆ 13ರಷ್ಟು, ರಾಜ್ಯದಲ್ಲಿ 11ರಷ್ಟು ಮಾತ್ರ. 2019ರಲ್ಲಿ ನಮ್ಮ ರಾಜ್ಯದಲ್ಲಿ ನೂರು ಅಪಘಾತಕ್ಕೆ 27 ಜನ ಸಾಯುತ್ತಿದ್ದರು. 2020ರಲ್ಲಿ ಅದು 28 ದಾಟಿತು, 2021ರಲ್ಲಿ 29 ಮುಟ್ಟಿತು. ದೇಶದಲ್ಲಿ 34ರಿಂದ 36ಕ್ಕೆ, ಅಲ್ಲಿಂದ 37ಕ್ಕೆ ಏರಿತು. ಆ ದಿನಗಳಲ್ಲಿ ಸಣ್ಣಪುಟ್ಟ ಅಪಘಾತಗಳ ದೂರು ಕೊಡಲು ಜನ ಠಾಣೆಗೆ ಹೋಗದೇ ಇದ್ದಿರಬಹುದು, ಅದಕ್ಕಾಗಿ ಪ್ರಮಾಣ ಸ್ವಲ್ಪ ಹೆಚ್ಚಾಗಿ ಕಂಡಿರಬಹುದು. ಅದನ್ನು ಬಿಟ್ಟುಕೊಟ್ಟರೂ ಉಳಿಯುವ ಮಾತು ಇದು: ಖಾಲಿ ರಸ್ತೆಯಲ್ಲಿ ಬಿದ್ದವರು ಬದುಕುವುದು ಕಷ್ಟವಾಯಿತು.

ಕಾರಣವೇನು? ವೇಗ. ಗಂಟೆಗೆ 40 ಕಿಲೋಮೀಟರ್ ಹೋಗುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 80ರಲ್ಲಿ 22 ಮೀಟರ್. ಮುಂದೆ ಎಮ್ಮೆ ಅಡ್ಡ ಬಂದದ್ದು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ 22 ಮೀಟರ್ ಮುಗಿದಿರುತ್ತದೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು ಎಂದು ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಕಲಿಸುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೂ ಕೀ ತಿರುಗಿಸಿದ ಕೂಡಲೇ ಅದನ್ನು ಮರೆಯುತ್ತಾರೆ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ 69 ಅತಿವೇಗದಿಂದ ಆದವು. ಅದರ ಹಿಂದಿನ ವರ್ಷ 67. ಗಾಡಿಗಳು ಒತ್ತೊತ್ತಾಗಿ ಇದ್ದಾಗ ಆ ದಟ್ಟಣೆಯೇ ನಮ್ಮನ್ನು ತಡೆದು ನಿಲ್ಲಿಸುತ್ತಿತ್ತು. ಅದು ಹೋದಾಗ ತಡೆಯುವ ಇನ್ನೇನೂ ನಮ್ಮೊಳಗೆ ಇರಲಿಲ್ಲ. ಮೇಲಾಗಿ, ಕುಡಿದು ಓಡಿಸುವವರನ್ನು ಊದಿಸಿ ನೋಡುವ ಪರೀಕ್ಷೆಯನ್ನು ಸೋಂಕಿನ ಭಯದಿಂದ ಪೊಲೀಸರು ನಿಲ್ಲಿಸಬೇಕಾಯಿತು.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ಅಮೆರಿಕದಲ್ಲಿ 2020ರಲ್ಲಿ ವಾಹನ ಓಡಾಟ ನೂರಕ್ಕೆ 11ರಷ್ಟು ಇಳಿಯಿತು, ಆದರೆ ಸಾವು ಸುಮಾರು 36 ಸಾವಿರದಿಂದ ಸುಮಾರು 39 ಸಾವಿರಕ್ಕೆ ಏರಿತು. ಅದೇ ವರ್ಷ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಸಾವು ನೂರಕ್ಕೆ 17ರಷ್ಟು ಇಳಿಯಿತು. ಒಂದೇ ರೋಗ, ಒಂದೇ ರೀತಿಯ ಖಾಲಿ ರಸ್ತೆ, ಫಲ ಮಾತ್ರ ಬೇರೆ ಬೇರೆ.

ನಮ್ಮ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಬಂದವರೆಲ್ಲ ಅದರ ಸೈಫನ್ ನೋಡಿ ಬೆರಗಾಗುತ್ತಾರೆ. ಶಿಂಷಾ ನದಿಯ ನೀರು ಮಿತಿ ಮೀರಿ ಏರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿಯೇ ಹೊರಗೆ ಹರಿಯುತ್ತದೆ. ಅಂಥದೊಂದು ಏರ್ಪಾಡು ಬೈಕಿನಲ್ಲಿ ಕುಳಿತ ಹುಡುಗನೊಳಗೆ ಇಲ್ಲ. ಮನೆಯಲ್ಲಿ, ಶಾಲೆಯಲ್ಲಿ ಕೂಡಿಸಬೇಕು.

ಲಾಕ್‌ಡೌನ್‌ನಲ್ಲಿ ಸತ್ತವರು ಯಾರು ಎಂಬುದನ್ನೂ ಹೇಳಬೇಕು. ಕೆಲಸ ಹೋಗಿ, ಬಸ್ಸಿಲ್ಲದೆ, ಗಂಟುಮೂಟೆ ಹೊತ್ತು ಊರಿಗೆ ನಡೆದ ಕೂಲಿಕಾರರು ಅವರಲ್ಲಿ ಇದ್ದರು. ಸೇವ್ ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಕಲೆಹಾಕಿದ ಪ್ರಕಾರ ಆ 68 ದಿನಗಳಲ್ಲಿ ಕನಿಷ್ಠ 750 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ 198 ಮಂದಿ ವಲಸೆ ಕಾರ್ಮಿಕರು. ಮೇ 16ರ ಬೆಳಗಿನ ಜಾವ ಉತ್ತರ ಪ್ರದೇಶದ ಔರೈಯಾದಲ್ಲಿ ಒಂದೇ ಅಪಘಾತಕ್ಕೆ ಇಪ್ಪತ್ತಕ್ಕೂ ಹೆಚ್ಚು ಕೂಲಿಕಾರರು ಬಲಿಯಾದರು. ಮನೆಯಲ್ಲೇ ಇರಿ ಎಂಬ ಆಜ್ಞೆ ಮನೆ ಇದ್ದಲ್ಲಿ ಕೂಲಿ ಇಲ್ಲದವರನ್ನು, ಕೂಲಿ ಇದ್ದಲ್ಲಿ ಮನೆ ಇಲ್ಲದವರನ್ನು ಕಾಪಾಡಲಿಲ್ಲ. ಲಾಕ್‌ಡೌನ್ ಮುಗಿದ ಮೇಲೂ ಅವರ ಪಾಡು ಬದಲಾಗಲಿಲ್ಲ. 2022ರ ಆಗಸ್ಟ್ 25ರಂದು ನಮ್ಮದೇ ಜಿಲ್ಲೆಯ ಸಿರಾ ತಾಲ್ಲೂಕಿನಲ್ಲಿ ಲಾರಿ ಮತ್ತು ಕ್ರೂಸರ್ ನಡುವಿನ ಅಪಘಾತದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅವರು ಕೆಲಸಕ್ಕಾಗಿ ರಾಯಚೂರು ಕಡೆಯಿಂದ ಬೆಂಗಳೂರಿಗೆ ಹೊರಟಿದ್ದವರು.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. 2019ರಲ್ಲಿ ದೇಶದ ರಸ್ತೆಯಲ್ಲಿ ಸತ್ತ ನೂರು ಜನರಲ್ಲಿ 37 ಮಂದಿ ದ್ವಿಚಕ್ರ ವಾಹನದವರು. 2020ರಲ್ಲಿ ಅದು 43ಕ್ಕೆ ಏರಿತು. ಒಟ್ಟು ಸಾವು 19 ಸಾವಿರ ಇಳಿದರೂ ಬೈಕು, ಸ್ಕೂಟರ್‌ಗಳ ಸಾವು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು ಎಂದು ಇದರ ಅರ್ಥ. ಬಸ್ಸು ಇರಲಿಲ್ಲ. ಇದ್ದಾಗಲೂ ಪಕ್ಕದವರು ಕೆಮ್ಮಿದರೆ ಭಯ. ಸಾಲ ಮಾಡಿಯಾದರೂ ಒಂದು ಗಾಡಿ ಇರಲಿ ಎಂದು ಬಡವರೂ ಯೋಚಿಸಿದರು. ಅವರನ್ನು ದೂರಲಾಗದು.

ಗಾಡಿ ಬಂತು. ಮನೆಯಲ್ಲಿ ಶಾಲೆಯಿಲ್ಲದ ಹುಡುಗನೂ ಇದ್ದ! 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ ಶಿಕ್ಷಕರಾದ ನಾವು ಹಳ್ಳಿ ಹಳ್ಳಿಗೆ ಹೋಗಿ ಮರದಡಿ, ಜಗುಲಿಯ ಮೇಲೆ ಪಾಠ ಮಾಡುತ್ತಿದ್ದೆವು. ಆಗ ನನಗೆ ಎದುರಾಗುತ್ತಿದ್ದ ಬೈಕುಗಳ ಮೇಲೆ ಕುಳಿತವರು ಬಹುಪಾಲು ನಮ್ಮ ತರಗತಿಯವರೇ. ಡೈರಿಗೆ ಹಾಲು ಹಾಕಲು, ರೇಷನ್ ತರಲು, ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಹೋಗಲು, ಕೊನೆಕೊನೆಗೆ ಸುಮ್ಮನೆ. ಕಾಲು ನೆಲಕ್ಕೆ ಎಟುಕದ ಎಂಟನೆಯ ತರಗತಿಯ ಹುಡುಗ ತಂಗಿಯನ್ನು ಹಿಂದೆ ಕೂರಿಸಿಕೊಂಡು, ನನ್ನನ್ನು ಕಂಡು ಒಂದು ಕೈ ಬಿಟ್ಟು ಸಲಾಂ ಹೇಳಿಕೊಂಡು ಹೋದ. ಶಾಲೆಗಳು ಪೂರ್ತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಒಂದರಿಂದ ಐದನೆಯ ತರಗತಿಗಳು ಆರಂಭವಾದಾಗ. ಒಂದೂವರೆ ವರ್ಷದಲ್ಲಿ ಮಕ್ಕಳು ಮರೆತ ಮಗ್ಗಿಯ ಬಗ್ಗೆ, ಕಾಗುಣಿತದ ಬಗ್ಗೆ ಎಲ್ಲರೂ ಚಿಂತಿಸಿದರು. ಅದೇ ಒಂದೂವರೆ ವರ್ಷದಲ್ಲಿ ಅವರು ಕಲಿತದ್ದನ್ನು ಯಾರೂ ಕೇಳಲಿಲ್ಲ. ಎದುರಿಗೆ ಗಾಡಿಯೇ ಬರದ ರಸ್ತೆಯಲ್ಲಿ ಅವರು ಗಾಡಿ ಕಲಿತರು. ತಿರುವಿನಲ್ಲಿ ನಿಧಾನಿಸಬೇಕು, ಹೆದ್ದಾರಿ ಸೇರುವಾಗ ನಿಂತು ನೋಡಬೇಕು ಎಂಬುದನ್ನು ಆ ರಸ್ತೆ ಕಲಿಸಲೇ ಇಲ್ಲ.

ಆಮೇಲೆ ಲಾರಿಗಳು ಮರಳಿದವು, ಬಸ್ಸುಗಳು ಮರಳಿದವು. 2022ರಲ್ಲಿ ಕರ್ನಾಟಕದಲ್ಲಿ ಸತ್ತವರು 11,702. ಕೊರೋನಾಕ್ಕೆ ಮೊದಲಿನ ಲೆಕ್ಕವನ್ನೂ ಮೀರಿತು. 2023ರಲ್ಲಿ 12,321. ದೇಶದಲ್ಲಿ ಆ ವರ್ಷ 1,72,890. ಈ ಏರಿಕೆಗೆಲ್ಲ ಹುಡುಗರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹೊಸ ಹೆದ್ದಾರಿಗಳಿವೆ, ಹೆಚ್ಚಿದ ವಾಹನಗಳಿವೆ, ದೀಪ ಹಾಕದೆ ರಾತ್ರಿ ನಿಲ್ಲಿಸಿದ ಟ್ರಾಕ್ಟರ್‌ಗಳಿವೆ. ಆದರೆ ಶಾಲೆಯ ಮುಂದಿನ ಬೇವಿನ ಮರದಡಿ ನಿಲ್ಲುವ ಬೈಕುಗಳನ್ನು ನಾನು ದಿನವೂ ಎಣಿಸುತ್ತೇನೆ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿರುವುದರಿಂದ ಹೊರಗೆ ನಿಲ್ಲಿಸುತ್ತಾರೆ, ಅಷ್ಟೇ.

ಪಾಲಕರೇ, ಕಾನೂನು ಏನು ಹೇಳುತ್ತದೆ ಎಂದು ಕೇಳಿ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಆದರೂ "ಅಬ್ಬಾ, ಕೀ ಕೊಡಿ, ಐದೇ ನಿಮಿಷ" ಎಂದಾಗ ಕೊಡುವ ಕೈ ನಮ್ಮದೇ. ಮಗ ಗಾಡಿ ಓಡಿಸುವುದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ಬಾಯಿಯೂ ನಮ್ಮದೇ.

ಇನ್ನು ಹೆಲ್ಮೆಟ್. 2022ರಲ್ಲಿ ಹೆಲ್ಮೆಟ್ ಹಾಕದೆ ದೇಶದಲ್ಲಿ 50,029 ಜನ ಸತ್ತರು. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹಿಂದೆ ಕುಳಿತವರು ಎಂದರೆ ಯಾರು? ಬಹುತೇಕ ನಮ್ಮ ತಾಯಿ, ಹೆಂಡತಿ, ಮಗಳು. 2016ರಿಂದ ನಮ್ಮ ರಾಜ್ಯದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯ. ಆದರೆ ಅರ್ಧ ಟೋಪಿಯಂಥ ಪ್ಲಾಸ್ಟಿಕ್ಕನ್ನು ಪೊಲೀಸರಿಗಾಗಿ ಹಾಕುತ್ತಾರೆ, ತಲೆಗಾಗಿ ಅಲ್ಲ.

ಅಪಘಾತ ಕಂಡರೆ ಏನು ಮಾಡಬೇಕು ಎಂಬುದು ಪ್ರತಿ ವಿದ್ಯಾರ್ಥಿಗೂ ಗೊತ್ತಿರಲಿ. 108 ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2016ರಲ್ಲೇ ಆ ರಕ್ಷಣೆ ಕೊಟ್ಟಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ತನ್ನ ಊರಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಯುವಕ ಹರೀಶ್ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದು, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಗೊತ್ತುಮಾಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದೂವರೆ ಲಕ್ಷ ರೂಪಾಯಿವರೆಗೆ, ಏಳು ದಿನಗಳವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. ದುಡ್ಡಿಲ್ಲ ಎಂದು ಗಾಯಾಳುವನ್ನು ಎತ್ತಲು ಹಿಂಜರಿಯಬೇಕಾಗಿಲ್ಲ.

ನಮ್ಮ ಸಂಸ್ಥೆಯ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಪ್ರತಿ ವರ್ಷ ಪ್ರತಿಭಾ ಪುರಸ್ಕಾರದಲ್ಲಿ ನಾವು ಶಾಲು, ಫಲಕ ಕೊಡುತ್ತೇವೆ. ಫಲಕ ಗೋಡೆಯ ಮೇಲೆ ಧೂಳು ಹಿಡಿಯುತ್ತದೆ. ಹದಿನೆಂಟು ತುಂಬಿದ ಕಾಲೇಜು ವಿದ್ಯಾರ್ಥಿಗಳಿಗೆ ಅದರ ಬದಲು ಐಎಸ್‌ಐ ಗುರುತಿನ ಒಂದು ಹೆಲ್ಮೆಟ್ ಕೊಡೋಣ, ಬೆಲೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಎರಡನೆಯದು, ಪ್ರೌಢಶಾಲೆಯ ಮಕ್ಕಳ ಊರುಗಳ ಕಡೆ ಶಾಲೆಯ ವೇಳೆಗೆ ಬಸ್ಸು ಬಿಡಬೇಕೆಂದು ಸಾರಿಗೆ ಸಂಸ್ಥೆಗೆ ಪಾಲಕರೆಲ್ಲರ ಸಹಿಯೊಂದಿಗೆ ಮನವಿ ಕೊಡೋಣ. ಬಸ್ಸಿಲ್ಲದ ಊರಿನ ಹುಡುಗನಿಗೆ ಬೈಕು ಬಿಡು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮನವಿಯ ಕರಡನ್ನು ಕನ್ನಡದಲ್ಲಿ ಬರೆದು ತಂದಿದ್ದೇನೆ, ಉರ್ದು ಪ್ರತಿಯೂ ಇದೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುತ್ತೇನೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ, ನಿಮ್ಮ ಊರಿನ ಹೆಸರನ್ನೂ ಶಾಲೆಯಿಂದ ಎಷ್ಟು ದೂರ ಎಂಬುದನ್ನೂ ತಪ್ಪದೆ ಬರೆಯಿರಿ.