ಶೋಧನೆಯ ಹೊತ್ತು, ಆತ್ಮದ ಬಲ
(ಅತಿಥಿ ಉಪನ್ಯಾಸದ ಲಿಖಿತ ರೂಪ)



ಪ್ರಲೋಭನೆಯನ್ನು ಗೆಲ್ಲುವ ಆತ್ಮಬಲವನ್ನು ಕ್ರೈಸ್ತ ಧರ್ಮ ಹೇಗೆ ಕಂಡಿದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ಈ ಸಭೆಯಲ್ಲಿ ಹಲವು ಮತಧರ್ಮಗಳಿಗೆ ಸೇರಿದವರಿದ್ದೀರಿ. ಕಾಮಕ್ರೋಧಾದಿ ಅರಿಷಡ್ವರ್ಗಗಳ ಮಾತನ್ನು ಎಳವೆಯಿಂದಲೂ ಕೇಳಿ ಬೆಳೆದ ನಮಗೆ ಈ ವಿಷಯ ಅಪರಿಚಿತವೇನಲ್ಲ.

ಮೊದಲು ಒಂದು ಶಬ್ದದ ವಿಚಾರ. ನಾವು ಪ್ರಲೋಭನೆ ಎನ್ನುವುದನ್ನು ಕನ್ನಡ ಬೈಬಲ್ 'ಶೋಧನೆ' ಎಂದು ಕರೆದಿದೆ. ಪ್ರಲೋಭನೆ ಎಂದರೆ ಆಸೆ ತೋರಿಸಿ ಸೆಳೆಯುವುದು; ಶೋಧನೆ ಎಂದರೆ ಪರೀಕ್ಷಿಸುವುದು, ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿದಂತೆ. ಮೂಲ ಗ್ರೀಕ್ ಪದದಲ್ಲಿ ಈ ಎರಡು ಅರ್ಥಗಳೂ ಇವೆ. ನಮ್ಮನ್ನು ಸೆಳೆಯುವ ವಸ್ತುವೇ ನಮ್ಮನ್ನು ಒರೆಗೂ ಹಚ್ಚುತ್ತದೆ ಎಂಬ ತಿಳಿವಳಿಕೆ ಈ ಒಂದು ಶಬ್ದದಲ್ಲಿ ಅಡಗಿದೆ.

ಮತ್ತಾಯ ಮತ್ತು ಲೂಕರ ಸುವಾರ್ತೆಗಳಲ್ಲಿ ಬರುವ ಪ್ರಸಂಗವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಯೇಸು 40 ದಿನ ಅರಣ್ಯದಲ್ಲಿ ಉಪವಾಸವಿದ್ದು ಹಸಿದಿದ್ದಾಗ ಶೋಧಕನು ಬಳಿ ಬರುತ್ತಾನೆ. ಕಲ್ಲನ್ನು ರೊಟ್ಟಿ ಮಾಡಿಕೊಳ್ಳೆನ್ನುತ್ತಾನೆ. ದೇವಾಲಯದ ಶಿಖರದಿಂದ ಧುಮುಕಿ ಮಹಿಮೆ ತೋರೆನ್ನುತ್ತಾನೆ. ತನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುವೆನೆನ್ನುತ್ತಾನೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಹಸಿದವನು ರೊಟ್ಟಿ ಬಯಸುವುದು ಪಾಪವೇನಲ್ಲ. ಶೋಧನೆ ಬಹುಮಟ್ಟಿಗೆ ಒಳಿತಿನ ವೇಷದಲ್ಲಿಯೇ ಬರುತ್ತದೆ. ಮತ್ತೆ, ಯೇಸು ಆಗ ಯಾವ ಪವಾಡವನ್ನೂ ಮಾಡಲಿಲ್ಲ. ಮೂರು ಸಲವೂ ಧರ್ಮೋಪದೇಶಕಾಂಡದ ಮಾತುಗಳಿಂದಲೇ ಉತ್ತರಿಸಿದ. ಆ ಹೊತ್ತಿನಲ್ಲಿ ಒದಗಿದ್ದು ಮೊದಲೇ ಮನಸ್ಸಿನಲ್ಲಿ ಕೂಡಿಟ್ಟುಕೊಂಡ ಬಲ.

ಈ ಬಲ ಪುರಾಣಕಾಲದ ಸಂಗತಿಯಲ್ಲ. ನಾವು ನೆಲೆಸಿರುವ ಈ ಸೀಮೆಯಲ್ಲಿಯೇ ಅದಕ್ಕೆ ನಿದರ್ಶನಗಳಿವೆ. ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದವರು. ಅವರ ತಾಯಿಯ ತಂದೆ, ಆಮೇಲೆ ಅವರ ತಂದೆ, ಇಬ್ಬರೂ ಅಲ್ಲಿನ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಬೋಧಕರು. ಧರ್ಮವು ಕಿಂಗ್ ಅವರಿಗೆ ಮನೆತನದ ಬಳುವಳಿಯಾಗಿ ಬಂದಿತ್ತು. ಅದು ಸ್ವಂತದ್ದಾದದ್ದು ಅಲಬಾಮಾದ ಮಾಂಟ್ಗೊಮರಿಯಲ್ಲಿ, 1956ರ ಜನವರಿ 27ರ ರಾತ್ರಿ. ಬಸ್ ಬಹಿಷ್ಕಾರದ ಮುಂದಾಳಾಗಿದ್ದ ಅವರಿಗೆ ಆಗ 27 ವರ್ಷ, ಮಗಳಿಗೆ ಎರಡು ತಿಂಗಳು. ಕೊಲ್ಲುವ ಬೆದರಿಕೆಯ ದೂರವಾಣಿ ಕರೆ ಬಂದ ಮೇಲೆ ನಿದ್ರೆ ಹತ್ತದೆ, ಅಡುಗೆಮನೆಯಲ್ಲಿ ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತರು. ಹೇಡಿ ಎನಿಸಿಕೊಳ್ಳದೆ ಹಿಂದೆ ಸರಿಯುವ ದಾರಿ ಯಾವುದೆಂದು ಯೋಚಿಸಿದರು. ಕೊನೆಗೆ ತಮ್ಮಲ್ಲಿ ಶಕ್ತಿ ಉಳಿದಿಲ್ಲವೆಂದು ದೇವರಲ್ಲಿ ಗಟ್ಟಿಯಾಗಿ ಒಪ್ಪಿಕೊಂಡರು. ಒಪ್ಪಿಕೊಂಡಾಗ ಧೈರ್ಯ ಬಂದಿತೆಂದು ಅವರೇ ಬರೆದಿದ್ದಾರೆ. ಮೂರು ದಿನಗಳ ನಂತರ ಮನೆಯ ಜಗಲಿಯ ಮೇಲೆ ಬಾಂಬು ಸಿಡಿಯಿತು. ಹೆಂಡತಿ, ಮಗು ಉಳಿದುಕೊಂಡರು. ಆಯುಧ ಹಿಡಿದು ಸೇರಿದ ಜನಕ್ಕೆ ಕಿಂಗ್, ಶತ್ರುವನ್ನು ಪ್ರೀತಿಸಬೇಕೆಂದು ಹೇಳಿ ಮನೆಗೆ ಕಳುಹಿಸಿದರು. ಮೊದಲನೆಯದು ಭಯದ ಶೋಧನೆ. ಎರಡನೆಯದು ಸೇಡಿನ ಶೋಧನೆ.

ಸೇಡನ್ನು ಗೆಲ್ಲುವುದಕ್ಕೆ ಅಭ್ಯಾಸ ಬೇಕು. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ನಗರದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ವೂಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ, ಅವರು ಏಳಲೂ ಇಲ್ಲ. ಜುಲೈ ತಿಂಗಳಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಆ ಚಳವಳಿ ಹಬ್ಬಿದ ಕಡೆಗಳಲ್ಲಿ ಒಂದಾದ ನ್ಯಾಶ್‌ವಿಲ್‌ನಲ್ಲಿ ಜೇಮ್ಸ್ ಲಾಸನ್ ಎಂಬ ಮೆಥಡಿಸ್ಟ್ ಪಂಥದ ತರುಣ ಇದಕ್ಕೆಂದೇ ಶಿಬಿರ ನಡೆಸುತ್ತಿದ್ದರು. ನಮ್ಮ ನಾಗಪುರದಲ್ಲಿ ಮೂರು ವರ್ಷ ಇದ್ದು ಗಾಂಧೀಮಾರ್ಗವನ್ನು ಅಭ್ಯಸಿಸಿದ್ದವರು ಅವರು. ಶಿಬಿರದಲ್ಲಿ ಕೆಲವರು ಬೈಯುವವರ, ನೂಕುವವರ ಪಾತ್ರ ವಹಿಸುವರು. ಉಳಿದವರು ಕೈಯೆತ್ತದೆ ಕುಳಿತಿರುವುದನ್ನು ಕಲಿಯುವರು. ಏಟು ಬೀಳುವ ಹೊತ್ತಿನಲ್ಲಿ ತಾಳ್ಮೆಯನ್ನು ಹುಡುಕಲಾಗದು. ಮರುವರ್ಷ ದಕ್ಷಿಣ ಕೆರೊಲಿನಾದ ರಾಕ್ ಹಿಲ್‌ನಲ್ಲಿ ಒಂಬತ್ತು ಯುವಕರು 100 ಡಾಲರ್ ದಂಡ ಕಟ್ಟಿ ಮನೆಗೆ ಹೋಗಬಹುದಾಗಿದ್ದರೂ 30 ದಿನಗಳ ಕಠಿಣ ದುಡಿಮೆಯ ಸೆರೆಮನೆಯನ್ನು ಆರಿಸಿಕೊಂಡರು. ಆ ಶಿಕ್ಷೆಯನ್ನು ನ್ಯಾಯಾಲಯ ರದ್ದುಮಾಡಿದ್ದು 2015ರಲ್ಲಿ.

ಭಯ, ಸೇಡುಗಳಿಗಿಂತ ಸೂಕ್ಷ್ಮವಾದದ್ದು ಕೀರ್ತಿಯ ಶೋಧನೆ. 1968ರ ಫೆಬ್ರುವರಿ 4ರಂದು ಎಬೆನೀಜರ್ ಚರ್ಚಿನಲ್ಲಿ ಕಿಂಗ್ ಅದನ್ನೇ ಕುರಿತು ಪ್ರವಚನ ಮಾಡಿದರು. ಮೆರವಣಿಗೆಯ ಮುಂದೆ ಕೋಲು ಬೀಸುತ್ತ ನಡೆಯುವ ವಾದ್ಯನಾಯಕನಾಗಬೇಕೆಂಬ ಹಂಬಲ ಎಲ್ಲರಲ್ಲಿಯೂ ಇದೆ ಎಂಬುದು ಅವರ ವಾದ. ಯೇಸುವಿನ ಎಡಬಲಗಳಲ್ಲಿ ಆಸನ ಬೇಡಿದ ಯಾಕೋಬ ಮತ್ತು ಯೋಹಾನರ ಕಥೆ ಅದಕ್ಕೆ ಆಧಾರ. ದೊಡ್ಡವನಾಗುವ ಆಸೆಯನ್ನು ಯೇಸು ಹಳಿಯಲಿಲ್ಲ. ಸೇವೆಯಲ್ಲಿ ಮೊದಲಿಗನಾಗು ಎಂದು ಅದರ ದಿಕ್ಕನ್ನು ತಿರುಗಿಸಿದ. ತಮ್ಮ ಅಂತ್ಯಕ್ರಿಯೆಯಲ್ಲಿ ನೊಬೆಲ್ ಪ್ರಶಸ್ತಿಯ ಮಾತೇ ಬೇಡವೆಂದೂ ಕಿಂಗ್ ಅಂದು ಹೇಳಿದರು. ಸರಿಯಾಗಿ ಎರಡು ತಿಂಗಳಿಗೆ ಅವರು ಹತರಾದರು.

ಈ ಕಥೆಗೆ ವಾಷಿಂಗ್ಟನ್ನಿನಲ್ಲಿ ಒಂದು ಉಪಸಂಹಾರವಿದೆ. 2011ರಲ್ಲಿ ಉದ್ಘಾಟನೆಯಾದ ಅವರ ಸ್ಮಾರಕದ ಕಲ್ಲಿನಲ್ಲಿ ಈ ಪ್ರವಚನದ ಒಂದು ಮಾತನ್ನು ಮೊಟಕುಗೊಳಿಸಿ ಕೆತ್ತಿದ್ದರು. 'ನನ್ನನ್ನು ಹಾಗೆನ್ನುವುದಾದರೆ' ಎಂಬರ್ಥದ ಭಾಗ ಬಿಟ್ಟುಹೋಗಿ, ವಿನಯದ ಮಾತು ಜಂಬದ ಮಾತಾಯಿತು. ಆಕ್ಷೇಪಗಳು ಬಂದು 2013ರಲ್ಲಿ ಅದನ್ನು ಅಳಿಸಿಹಾಕಿದರು. ವಿನಯಕ್ಕೂ ಅಹಂಕಾರಕ್ಕೂ ನಡುವಣ ಅಂತರ ಅಷ್ಟು ಕಿರಿದು.

ಬಂಧುಗಳೇ, ನಮ್ಮ ಶೋಧನೆಗಳು ಸದ್ದಿಲ್ಲದೆ ಬರುತ್ತವೆ. ನೆರೆಯವರಿಗಿಂತ ದೊಡ್ಡ ಮನೆ, ಮಗುವಿಗೆ ಎಲ್ಲದರಲ್ಲೂ ಮೊದಲ ಸ್ಥಾನ, ಕೂಟದ ಅಧ್ಯಕ್ಷ ಪದವಿ (ಮಾನ್ಯ ಅಧ್ಯಕ್ಷರು ಕ್ಷಮಿಸಬೇಕು), ಇವು ಯಾವುವೂ ಕೆಟ್ಟವಲ್ಲ. ಅರಣ್ಯದಲ್ಲಿ ರೊಟ್ಟಿಯೂ ಕೆಟ್ಟದ್ದಾಗಿರಲಿಲ್ಲ. ಅವುಗಳಿಗಾಗಿ ಏನನ್ನು ಬಿಟ್ಟುಕೊಟ್ಟೆವು ಎಂಬುದೇ ಒರೆಗಲ್ಲು. ಮಕ್ಕಳ ವಿಷಯವಂತೂ ಇನ್ನೂ ಗಂಭೀರ. ಕಾಲೇಜಿನ ವಸತಿಗೃಹದಲ್ಲಿ ಒಂದು ರಾತ್ರಿ ಅವರು ಒಂಟಿಯಾಗಿ ಯಾವುದೋ ಶೋಧನೆಯ ಎದುರು ನಿಲ್ಲುತ್ತಾರೆ; ಆಗ ನಾವು ಬಳಿಯಿರುವುದಿಲ್ಲ. ಮನೆಯಲ್ಲಿ ನಿತ್ಯ ಕೇಳಿದ ಮಾತು, ಕಂಡ ನಡತೆ ಮಾತ್ರ ಬಳಿಯಿರುತ್ತವೆ. ಅದು ಪ್ರಾರ್ಥನೆಯಾಗಿರಲಿ, ವಚನವಾಗಿರಲಿ, ಕೀರ್ತನೆಯಾಗಿರಲಿ, ಅರ್ಥ ತಿಳಿಸಿ ಕೊಡೋಣ. ಬಳುವಳಿಯಾಗಿ ಕೊಡುವುದು ನಮ್ಮ ಕೈಯಲ್ಲಿದೆ. ಸ್ವಂತ ಮಾಡಿಕೊಳ್ಳುವುದು ಅವರ ಪಾಲಿನ ಕೆಲಸ.