ನೋಯುವ ಮಗುವನ್ನು ನಂಬೋಣ



ಸೇಲಂ, ಧರ್ಮಪುರಿ ಸೀಮೆಯಲ್ಲಿ ಮಕ್ಕಳ ಕೈಕಾಲು ನೋವೆಂದರೆ ಕುಡಿಯುವ ನೀರಿನ ಫ್ಲೋರೈಡ್ ನೆನಪಾಗುವುದು ಸಹಜ. ವೈದ್ಯರಲ್ಲಿ ಅದನ್ನು ಪರೀಕ್ಷಿಸಲೇಬೇಕು. ಆದರೆ ಉಳುಕು ವಾಸಿಯಾಗಿ ತಿಂಗಳುಗಳು ಕಳೆದರೂ ಕಾಲು ಉರಿಯುತ್ತಿದ್ದರೆ, ಬಟ್ಟೆ ಸೋಕಿದರೂ ಮಗು ಚೀರಿದರೆ, ಅದು ಬೇರೊಂದು ವ್ಯಾಧಿಯಾಗಿರಬಹುದು. ಗಾಯ ಮಾಯ್ದ ಮೇಲೂ ನರಗಳು ನೋವಿನ ಸುದ್ದಿಯನ್ನು ಒಯ್ಯುತ್ತಲೇ ಇರುತ್ತವೆ. ದಯವಿಟ್ಟು ಇದನ್ನು ಶಾಲೆ ತಪ್ಪಿಸುವ ನೆಪವೆನ್ನದಿರಿ.

ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶದ ಸಂವೇದನೆ ಅದನ್ನು ಮುಚ್ಚಬಲ್ಲದು ಎಂದು 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ಚರ್ಮಕ್ಕೆ ಅಂಟಿಸಿದ ಪಟ್ಟಿಗಳಿಂದ ಮೃದುವಾದ ವಿದ್ಯುತ್ ಹರಿಸುವ ‘ಟೆನ್ಸ್’ ಚಿಕಿತ್ಸೆಗೆ ಇದೇ ಆಧಾರ. ಕೆಲವು ಮಕ್ಕಳಿಗೆ ಅದು ಆಸರೆಯಾದೀತು; ಮುಖ್ಯ ಮದ್ದು ವ್ಯಾಯಾಮ ಮತ್ತು ನಡಿಗೆ. ಆ ಮಗು ದಿನಕ್ಕೆ ನಾಲ್ಕು ಹೆಜ್ಜೆ ಹೆಚ್ಚಾಗಿ ನಡೆದು ತರಗತಿಗೆ ಮರಳುವಂತೆ ಮನೆಯೂ ಶಾಲೆಯೂ ಜೊತೆಗೆ ನಿಲ್ಲಲಿ.